ಮಸೂತಿ ಹಳ್ಳಿಯಲ್ಲಿ ಮುಬೀನಾ ಬಾಯಿ ಕಟ್ಟಿಕೊಂಡ ಮಧ್ಯಾಹ್ನ

ಬಸವನ ಬಾಗೇವಾಡಿಯ ಮುಬೀನಾ ಒಂಬತ್ತು ವರ್ಷ ಸರ್ವೆ ಕೆಲಸ ಮಾಡಿದವಳು. ಮನೆಯಲ್ಲಿ ಎಷ್ಟು ಮಂದಿ, ನೀರು ಎಲ್ಲಿಂದ, ಮಕ್ಕಳು ಶಾಲೆಗೆ ಹೋಗುತ್ತಾರೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತು ಪಟಪಟನೆ ಕೇಳಿ, ಗುರುತು ಹಾಕಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದಳು. ಅವಳ ಚುರುಕುತನ ಕೇಳಿ ವಿಜಯಪುರದ ಸಂಶೋಧನಾ ಸಂಸ್ಥೆಯೊಂದರ ರಾಜಶ್ರೀ ಮೇಡಂ ಹೊಸ ಕೆಲಸಕ್ಕೆ ಕರೆಸಿಕೊಂಡರು. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಪುಕ್ಕಟೆಯಾದ ಮೇಲೆ ಹಳ್ಳಿಯ ಹೆಂಗಸರು ಎಲ್ಲೆಲ್ಲಿಗೆ ಹೋಗುತ್ತಾರೆ ಎಂದು ತಿಳಿಯಬೇಕಿತ್ತು. ಫಾರ್ಮು ಇರಲಿಲ್ಲ. ಎಂಟು ಹತ್ತು ಜನರನ್ನು ಕೂಡಿಸಿ, ಅವರವರೇ ಮಾತಾಡುವಂತೆ ಗುಂಪು ಚರ್ಚೆ ನಡೆಸಬೇಕಿತ್ತು.

ಮಾತು ತನಗೇನು ಹೊಸದೇ ಎಂದುಕೊಂಡಳು ಮುಬೀನಾ. ಹೂವಿನ ಹಿಪ್ಪರಗಿಯಲ್ಲಿ ಎಂಟು ಹೆಂಗಸರನ್ನು ಸಾಲಾಗಿ ಕುರ್ಚಿಯಲ್ಲಿ ಕೂಡಿಸಿ, ಎಡದಿಂದ ಬಲಕ್ಕೆ ಕೇಳುತ್ತ ಹೋದಳು. ದವಾಖಾನೆಗೆ, ತವರಿಗೆ, ದೇವರಿಗೆ ಎಂದರು ಎಲ್ಲರೂ. ಮೂವತ್ತೈದು ನಿಮಿಷಕ್ಕೆ ಎಲ್ಲ ಮುಗಿಯಿತು. ಎಷ್ಟು ಬೇಗ ಮುಗಿಸಿದೆ ನೋಡು ಎಂದು ಗಂಡ ಯುನೂಸನ ಮುಂದೆ ಹೇಳಿಕೊಂಡಳು.

ಮರುದಿನ ರಾಜಶ್ರೀ ಆ ಚರ್ಚೆಯ ರೆಕಾರ್ಡಿಂಗ್ ಹಚ್ಚಿದರು. ಮೂವತ್ತೈದು ನಿಮಿಷದಲ್ಲಿ ಇಪ್ಪತ್ತಾರು ನಿಮಿಷ ಮುಬೀನಾಳ ದನಿಯೇ. ನಡುವೆ ಒಬ್ಬಳು "ಒಮ್ಮೊಮ್ಮೆ ಸುಮ್ನ..." ಎಂದು ಶುರುಮಾಡಿದ್ದಳು. ಅಷ್ಟರಲ್ಲೇ ಮುಬೀನಾ "ದವಾಖಾನಿಗೇನ್ರಿ?" ಎಂದು ಬಾಯಿ ಹಾಕಿದ್ದಳು. ಆಕೆ "ಹೂಂ" ಎಂದು ಸುಮ್ಮನಾಗಿದ್ದಳು. ಆ ಜಾಗವನ್ನು ಮುಬೀನಾ ಮೂರು ಸಲ ಕೇಳಿದಳು. ಮುಖ ಕೆಂಪಾಯಿತು.

"ಆಕಿ ಏನ್ ಹೇಳಾಕತ್ತಿದ್ಲೋ ಏನೋ, ನಾ ಕೇಳಲೇ ಇಲ್ಲಲ್ರಿ ಮೇಡಂ."

ರಾಜಶ್ರೀ ಬೈಯಲಿಲ್ಲ. "ಪ್ರಶ್ನಿ ಕೇಳಿದ ಮ್ಯಾಲ ಮನಸಿನ್ಯಾಗ ಹತ್ತರ ತನಕ ಎಣಸ್ರಿ. ಅಷ್ಟರಾಗ ಯಾರರೆ ಬಾಯಿ ತಗೀತಾರ," ಎಂದರು.

ವಾರವಿಡೀ ಅದನ್ನು ಯುನೂಸನ ಮೇಲೇ ಪ್ರಯೋಗಿಸಿದಳು. ಇವತ್ತು ಗ್ಯಾರೇಜಿನಲ್ಲಿ ಏನಾಯಿತು ಎಂದು ಕೇಳಿ ಸುಮ್ಮನೆ ಕೂತರೆ, ಹೂಂ ಉಹೂಂ ಅನ್ನುತ್ತಿದ್ದ ಮನುಷ್ಯ ರೊಟ್ಟಿ ಆರುವ ತನಕ ಮಾತಾಡಿದ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳಿಗೆ ಗೊತ್ತಿರದ ಸುದ್ದಿಗಳೆಲ್ಲ ಒಂದೊಂದಾಗಿ ಹೊರಬಿದ್ದವು.

ಮಸೂತಿ ಎಂಬ ಹಳ್ಳಿಯಲ್ಲಿ ಸುವರ್ಣಾ ಎಂಬಾಕೆಯ ಮನೆಯ ಪಡಸಾಲೆಯಲ್ಲಿ ಎರಡನೆಯ ಗುಂಪು ಕೂಡಿತು. ಹೆಂಗಸರು ದುಂಡಗೆ ಕೂತು ಶೇಂಗಾ ಸುಲಿಯುತ್ತಿದ್ದರು. ಮುಬೀನಾ ತಾನೂ ನೆಲಕ್ಕೆ ಕೂತು ಒಂದು ಹಿಡಿ ಎಳೆದುಕೊಂಡಳು. ಪ್ರಶ್ನೆಗೆ ಇಲ್ಲಿಯೂ ಅದೇ ಉತ್ತರ ಬಂತು: ದವಾಖಾನೆ, ತವರು. ಆಮೇಲೆ ಸದ್ದಿಲ್ಲ. ಆರು, ಏಳು, ಎಂಟು... ನಾಲಿಗೆ ತುರಿಸುತ್ತಿತ್ತು. ತುಟಿ ಕಚ್ಚಿ ಹಿಡಿದಳು.

ಗೋಡೆಗೊರಗಿದ್ದ ಹುಚ್ಚವ್ವ ಬಾಯಿ ತೆರೆದಳು. ಸುವರ್ಣಾಳ ಅತ್ತೆ, ಎಪ್ಪತ್ತು ದಾಟಿದವಳು.

"ನಾ ಎಲ್ಲಿಗೂ ಹೋಗೂದಿಲ್ಲವ್ವಾ. ಬಾಗೇವಾಡ್ಯಾಗ ಸಿಂದಗಿ ಬಸ್ ಹತ್ತತೇನಿ. ಸಿಂದಗ್ಯಾಗೊಂದು ಚಾ ಕುಡದು ತಿರಗಿ ಬರ್ತೇನಿ."

"ಅಲ್ಲೇನ್ ಕೆಲಸ ಇರ್ತೈತಿ ಆಯಿ?" ಎಂದಳು ಮುಬೀನಾ.

"ಕೆಲಸ ಏನೂ ಇಲ್ಲ. ಕಿಡಕಿ ಬಾಜೂಕ ಕುಂಡ್ರೂದು."

ಸುವರ್ಣಾಳ ಕೈಯ ಶೇಂಗಾ ಅಲ್ಲೇ ನಿಂತಿತು. "ಅತ್ತಿ, ಹೊಲಕ್ಕ ಹೋಗಿದ್ನಿ ಅಂತಿದ್ರಲ್ಲ?"

"ನೀ ದವಾಖಾನಿಗೆ ಹೋದಾಗ ಮನ್ಯಾಗ ಯಾರೂ ಇರಲಿಲ್ಲ. ಅದಕ್ಕ ಹೋದ್ನಿ."

ಸೊಸೆ ತಲೆ ತಗ್ಗಿಸಿದಳು. ಮುಬೀನಾ ಮತ್ತೆ ಒಂದರಿಂದ ಎಣಿಸತೊಡಗಿದಳು. ಕಡೆಗೆ ಸುವರ್ಣಾ, ತಾನು ಅವತ್ತು ದವಾಖಾನೆಗೆ ಹೋಗದೆ ಆಲಮಟ್ಟಿಯ ಅಣೆಕಟ್ಟಿನ ತೋಟ ನೋಡಲು ಹೋಗಿದ್ದಾಗಿ ಒಪ್ಪಿಕೊಂಡಳು. ಹುಚ್ಚವ್ವ ಸೊಸೆಯನ್ನು ದಿಟ್ಟಿಸಿದಳು. "ಒಬ್ಬಾಕಿನ ಯಾಕ ಹೋದಿ? ನನ್ನೂ ಕರಕೊಂಡು ಹೋಗಬೇಕಿತ್ತಿಲ್ಲೋ," ಎಂದಳು.

ಪಡಸಾಲೆ ನಗೆಯಲ್ಲಿ ತೇಲಿತು. ಆಮೇಲೆ ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಗುಂಪಿನಲ್ಲಿದ್ದ ಹಜರಾಬಿ ತಿಂಗಳಿಗೊಮ್ಮೆ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ತಂಗಿಯನ್ನು ಭೇಟಿಯಾಗುತ್ತಿದ್ದಳಂತೆ, ಇಬ್ಬರೂ ಮಿರ್ಚಿ ಭಜಿ ತಿಂದು ತಮ್ಮ ತಮ್ಮ ಊರಿಗೆ ಮರಳುತ್ತಿದ್ದರಂತೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಏರಿತು. ಒಂದೂವರೆ ತಾಸಿನ ಆ ರೆಕಾರ್ಡಿಂಗಿನಲ್ಲಿ ಮುಬೀನಾಳ ದನಿ ಎಂಟು ನಿಮಿಷವೂ ಇರಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದ ರಾಜಶ್ರೀ ಒಬ್ಬರೇ ನಗುವುದನ್ನು ಕಂಡು ಆಫೀಸಿನವರೆಲ್ಲ ಸುತ್ತ ಸೇರಿದರು.

ಈಗ ಇಂಡಿ, ಸಿಂದಗಿ ಕಡೆಯ ಗುಂಪುಗಳೂ ಮುಬೀನಾಳವೇ. ಕಲಿಯಲೆಂದು ಶಬಾನಾ ಎಂಬ ಹೊಸ ಹುಡುಗಿ ಜೊತೆಗಿರುತ್ತಾಳೆ. ಅವಳೂ ಮಾತಿನ ಮಲ್ಲಿಯೇ. ಹೋದ ವಾರ ಇಂಡಿಯಲ್ಲಿ ಎಲ್ಲರೂ ಸುಮ್ಮನಾದಾಗ ಶಬಾನಾ ಬಾಯಿ ತೆರೆಯುವುದರಲ್ಲಿದ್ದಳು. ಮುಬೀನಾ ಮೆಲ್ಲಗೆ ಅವಳ ಮೊಣಕೈ ಒತ್ತಿದಳು. ಇಬ್ಬರೂ ಕಾದರು. ಮೂಲೆಯಲ್ಲಿ ಕೂತಿದ್ದವಳು ಸೆರಗು ಸರಿಮಾಡಿಕೊಂಡು, "ನಂದೊಂದು ಐತ್ರಿ, ಹೇಳಲೇನ್ರಿ?" ಎಂದಳು.