ಮಹಾದೇವಿ ನೌಕರಿಗೆ ಹೊರಟಾಗ

ಕೊರೊನಾ ಮುಗಿದು ತರಗತಿಗಳು ಮತ್ತೆ ತುಂಬಿದ ವರ್ಷ ನಾನು ಕೆ.ಆರ್. ಪುರದ ಒಂದು ಎಂಬಿಎ ಕಾಲೇಜಿನಲ್ಲಿ ಉದ್ಯಮಶೀಲತೆಯ ಪಾಠ ಹೇಳುತ್ತಿದ್ದೆ. ವಿದ್ಯಾರ್ಥಿಗಳು ಸ್ವಂತ ಉದ್ಯಮಕ್ಕೆ ಏಕೆ ಮನಸ್ಸು ಮಾಡುತ್ತಾರೆ, ಏಕೆ ಹಿಂಜರಿಯುತ್ತಾರೆ ಎಂಬುದೇ ನನ್ನ ವಿಷಯ. ಬಂಡವಾಳ, ಧೈರ್ಯ, ತರಬೇತಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆ ವರ್ಷವೇ ನನ್ನ ಯಜಮಾನರು ತೀರಿಕೊಂಡಿದ್ದರು. ಸಂಜೆ ಜೋಗುಪಾಳ್ಯದ ಮನೆ ಸೇರಲು ನನಗೆ ಅವಸರವಿರಲಿಲ್ಲ.

ನನ್ನ ವಿದ್ಯಾರ್ಥಿನಿ ಮಹಾದೇವಿ ಯಾದಗಿರಿ ಕಡೆಯವಳು. ತಂದೆತಾಯಿ ಕಟ್ಟಡ ಕೆಲಸಕ್ಕೆ ಬಂದವರು, ಬಾಣಸವಾಡಿಯಲ್ಲಿ ಬಾಡಿಗೆ ಕೋಣೆ. ಆನ್‌ಲೈನಿನಲ್ಲಿ ತರಿಸಿದ ಬಟ್ಟೆ ಅಳತೆಗೆ ಸರಿಹೋಗದಿದ್ದರೆ ಅಪಾರ್ಟ್‌ಮೆಂಟುಗಳಿಂದ ಅದನ್ನು ತಂದು, ನೆರೆಯ ಹೆಂಗಸರಿಂದ ಆಲ್ಟರ್ ಮಾಡಿಸಿ ಮರಳಿಸುವುದು ಅವಳ ಯೋಜನೆ. ಕೆಲವು ತಿಂಗಳು ನಡೆಸಿಯೂ ತೋರಿಸಿದ್ದಳು. ಕಾಲೇಜಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಅವಳಿಗೇ ಬಂತು.

ಆದರೆ ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದ ಮೇಲೆ ನನ್ನ ಕೋಣೆಗೆ ಬಂದು, "ನೌಕರಿಗಿ ಹೋಗ್ತೀನ್ರಿ ಮೇಡಂ" ಎಂದಳು.

"ಹೆದರಿಕೆ ಆಯ್ತಾ?"

"ಹೆದರಿಕಿ ಅಲ್ರಿ. ಹೋದ ವಾರ ಒಂದು ಮದುವಿ ಬ್ಲೌಸ್ ಕೆಡ್ತು, ಬೈದು ಕಳಿಸಿದ್ರು. ಮನ್ಯಾಗ ಹೇಳಿದ್ರ ಅಪ್ಪ, ನೌಕರಿ ಸಿಕ್ಕದಲ್ಲ, ಇದ್ಯಾಕ ಬೇಕು ಅಂತಾನ. ಮಂಜುನ ಮನ್ಯಾಗ ಹಂಗಲ್ರಿ, ಊಟಕ್ಕ ಕುಂತ್ರ ವ್ಯಾಪಾರದ ಲಾಭ-ಲುಕ್ಸಾನದ್ದೇ ಮಾತಂತ. ನನಗ ಹೇಳ್ಕೊಳ್ಳಾಕ ಯಾರೂ ಇಲ್ರಿ."

ಮಂಜು ಅವಳ ಸಹಪಾಠಿ, ಹೂಡಿಯ ಹಳೆಯ ರೈತ ಮನೆತನದವನು. ಹೊಲವಿದ್ದ ಜಾಗದಲ್ಲಿ ಈಗ ಅವರ ಅಂಗಡಿಗಳ ಸಾಲು. ಚಿಕ್ಕಪ್ಪನ ಹೋಟೆಲ್ ಮುಚ್ಚಿಹೋದದ್ದನ್ನು ಅವನು ತರಗತಿಯಲ್ಲಿ ನಗುತ್ತಲೇ ಹೇಳಿದ್ದ.

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಪಟ್ಟಿಯಲ್ಲಿ ಇದು ಇರಲಿಲ್ಲ. ಆದರೆ ಹೇಳಿಕೊಳ್ಳಲು ಯಾರೂ ಇಲ್ಲದ ಸಂಜೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಿತ್ತು.

"ನೌಕರಿಗೆ ಸೇರ್ಕೋ. ಇದನ್ನೂ ಭಾನುವಾರ ಮಾಡ್ತಿರು. ಏನಾದ್ರೂ ಕೆಟ್ರೆ ಸಂಜೆ ನನಗೆ ಫೋನ್ ಮಾಡು" ಎಂದೆ.

ಅವಳು ಮಾಡಿದಳು. ಜಿಪ್ಪಿನ ಬಣ್ಣ ತಪ್ಪಿದ್ದು, ಗಿರಾಕಿ ಬಾಗಿಲು ತೆರೆಯದೆ ಹೋದದ್ದು, ಎಲ್ಲ ಸುದ್ದಿಯೂ ಫೋನಿನಲ್ಲಿ ನನಗೆ ಬರುತ್ತಿತ್ತು. ನಾನು ಕೇಳುತ್ತಿದ್ದೆ, ಅಷ್ಟೇ. ಕೆಲವೊಮ್ಮೆ ದಾರ, ಲೈನಿಂಗ್ ಕೊಳ್ಳಲು ಅವಳ ಜೊತೆ ಶಿವಾಜಿನಗರದ ಗಲ್ಲಿಗಳಲ್ಲಿ ಅಲೆದೆ. ಮರುವರ್ಷ ಅವಳು ನೌಕರಿ ಬಿಟ್ಟು ಬಾಣಸವಾಡಿಯಲ್ಲಿ ಸಣ್ಣ ಅಂಗಡಿ ಹಿಡಿದಳು. ಒಮ್ಮೆ ಮಧ್ಯಾಹ್ನ ಹೋಗಿದ್ದೆ. ಹೊಲಿಯುವ ಹೆಂಗಸರು ಅವಳ ಸುತ್ತ ಊಟಕ್ಕೆ ಕುಳಿತಿದ್ದರು. ಒಬ್ಬಳು ತೋಳು ತಪ್ಪಾಗಿ ಕತ್ತರಿಸಿದ್ದನ್ನು ಹೇಳಿದಳು. ಎಲ್ಲರೂ ನಕ್ಕರು, ಮಹಾದೇವಿಯೂ.

ನಾನೀಗ ನಿವೃತ್ತೆ. ಅವಳ ಫೋನ್ ಹಬ್ಬಕ್ಕೊಮ್ಮೆ ಬರುತ್ತದೆ. ಉದ್ಯಮದ ಆಸೆ ಹುಟ್ಟಲು ಕಾರಣಗಳು ಹಲವಿರಬಹುದು. ಅದು ಉಳಿಯಬೇಕಾದರೆ ಸೋತ ದಿನದ ಸುದ್ದಿಯನ್ನು ಬೈಯದೆ ಕೇಳುವವರು ಒಬ್ಬರಾದರೂ ಇರಬೇಕು. ಅಂಥವರು ಅವಳಿಗೆ ಈಗ ಅಂಗಡಿಯಲ್ಲೇ ಸಿಕ್ಕಿದ್ದಾರೆ. ನನಗೆ ಸಂಜೆಗಳು ಮತ್ತೆ ಉದ್ದವಾಗಿವೆ.