ಬಗಲಲ್ಲಿ ಹೊಸ ಬೂಟು

ನಮ್ಮ ಮೊಮ್ಮಗಳು ಇವತ್ತು ಮೊದಲ ಸಲ ನಡೆದಳು! ಹೊಸ ಬೂಟು ತೊಡಿಸಲು ಹೋದರೆ ಕಿತ್ತುಕೊಂಡು, ಎದೆಗವಚಿಕೊಂಡು, ಬರಿಗಾಲಲ್ಲೇ ನಡುಮನೆ ದಾಟಿದಳು. ನನಗೆ ಹರೆಯದಲ್ಲಿ ದಾವಣಗೆರೆ ಮಿಲ್ಲಿನಲ್ಲಿ ಜೊತೆಗಿದ್ದ ಗೆಳೆಯ ನೆನಪಾದ.

ಹರಿಹರದ ಸೇಂದಿ ಅಂಗಡಿಯಲ್ಲಿ ಅವನಿಗೆ ಗೊತ್ತು ಮಾಡಬೇಕೆಂದಿದ್ದ ಹೆಣ್ಣಿನ ಅಪ್ಪ, ವರನನ್ನು ನೋಡಲು ಕಾಯುತ್ತಿದ್ದ. ದಾವಣಗೆರೆಯಿಂದ ಹೊಲದ ಹಾದಿ ಹಿಡಿದು ಇಬ್ಬರೂ ನಡೆದೇ ಹೊರಟೆವು. ಅವನ ಹೊಸ ಬೂಟು ಮಾತ್ರ ಬಗಲಲ್ಲೇ ಇತ್ತು. "ಹಾಕ್ಕಳೋ ಮಾರಾಯ" ಅಂದಾಗಲೆಲ್ಲ, ಬೂಟಿನ ಮೂತಿಯನ್ನು ಪಂಚೆಯ ಚುಂಗಿನಿಂದ ಒರೆಸಿ, "ಮಾಸಬಾರ್ದು ತಮ್ಮಾ" ಅನ್ನುತ್ತಿದ್ದ.

ಅಂಗಡಿಯ ಬಾಗಿಲಲ್ಲಿ ಕೂತು ಹಾಕಿಕೊಳ್ಳಲು ನೋಡಿದರೆ, ನಡೆದು ನಡೆದು ಬಾತ ಪಾದ ಒಳಗೆ ಹೋಗಲೊಲ್ಲದು! ಎದುರಿಗೇ ಹೆಣ್ಣಿನ ಅಪ್ಪ ಬಂದು ನಿಂತ. ಸಂಬಂಧ ಮುರಿಯಿತು ಅಂದುಕೊಂಡೆ.

"ದಾರಿಯಾಗ ಯಾಕ ಹಾಕ್ಕಂಡಿಲ್ಲಪ್ಪ?"

"ಮಾಸಬಾರ್ದು ಅಂತ್ರಿ."

ಮುದುಕ ಹೊಟ್ಟೆ ಹಿಡಿದು ನಕ್ಕ. "ಬೂಟನ್ನೇ ಇಷ್ಟು ಜ್ವಾಪಾನ ಮಾಡೋನು, ನನ್ನ ಮಗಳ್ನ ನೆಲಕ್ಕೆ ಇಳಿಸ್ತಾನೇನು! ಕೂಡ್ರಿ, ಕುಡೀರಿ."

ಈ ಸಂಜೆ ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕೂತೆವು. ಮೊಮ್ಮಗಳು ಬೂಟನ್ನು ತಟ್ಟೆಯ ಪಕ್ಕ ಕೂಡಿಸಿಕೊಂಡು, ಅದಕ್ಕೂ ಒಂದು ತುತ್ತು ತುಪ್ಪದ ಹೋಳಿಗೆ ತಿನ್ನಿಸಿದಳು. ಮಾಸಿದರೆ ಮಾಸಲಿ ಬಿಡಿ!