ಫಿಲಿಪೈನ್ಸ್ ಬಗ್ಗೆ ನಾನು ಬರೆದ ಒಂದು ಸಾಲು

ಆ ಸಾಲು ನಾನೇ ಕಟ್ಟಿದ್ದು. ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಯಾರ ಬಾಯಿಂದಲೂ ಕೇಳಿರಲಿಲ್ಲ. 'ಫಿಲಿಪೈನ್ಸ್‌ನ ಜನರು ಅಮೆರಿಕದ ಆಡಳಿತವನ್ನು ಯಾವ ಪ್ರತಿರೋಧವೂ ಇಲ್ಲದೆ ಸಂತೋಷದಿಂದ ಸ್ವಾಗತಿಸಿದರು.' ಇಷ್ಟೇ. ಇದನ್ನು ಬರೆದೆ, ಅಚ್ಚು ಹಾಕಿಸಿದೆ. ಆಮೇಲೆ ಇದನ್ನು ಉಳಿಸಿಕೊಳ್ಳಲು, ನಿಜ ಹೇಳಿದ ಒಬ್ಬ ಹುಡುಗಿಯನ್ನು ತುಂಬಿದ ಸಭೆಯಲ್ಲಿ ಸುಳ್ಳಿಯಾಗಿ ನಿಲ್ಲಿಸಿದೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ — ಇಷ್ಟು ವರ್ಷಗಳ ನಂತರವೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ, ಅಷ್ಟೇ.

ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಬಿ.ಎ. ತರಗತಿಗಳಿಗೆ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದವಳು. ನಮ್ಮ ಕಡೆಯ ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಓದುವುದು ಕಷ್ಟ, ಕನ್ನಡದಲ್ಲಿ ಒಳ್ಳೆಯ ಪುಸ್ತಕ ಸಿಗುವುದು ಇನ್ನೂ ಕಷ್ಟ. ಹೀಗಾಗಿ ಕೆಲಸದಲ್ಲಿದ್ದ ದಿನಗಳಲ್ಲಿ ಹಡಗಲಿಯ ಒಬ್ಬ ಪ್ರೆಸ್ಸಿನವರು ಕೇಳಿದಾಗ, ಪರೀಕ್ಷೆಯ ಅಮೆರಿಕದ ಇತಿಹಾಸದ ಪತ್ರಿಕೆಗೆ ಒಂದು ಗೈಡು ಬರೆದುಕೊಡಲು ಒಪ್ಪಿಕೊಂಡೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿದ್ದ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ಮುಂದಿಟ್ಟುಕೊಂಡು ಅಧ್ಯಾಯದ ಮೇಲೆ ಅಧ್ಯಾಯ ಕನ್ನಡಕ್ಕೆ ಇಳಿಸಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕ ಸಮುದ್ರ ದಾಟಿ ಹೊರಟ ಅಧ್ಯಾಯವೆಂದರೆ ನನಗೆ ಬಹಳ ಇಷ್ಟ. ಹವಾಯಿ ದ್ವೀಪಗಳಲ್ಲಿ ಕಬ್ಬಿನ ತೋಟ ಮಾಡಿಕೊಂಡಿದ್ದ ಅಮೆರಿಕನ್ನರು ಅಲ್ಲಿಯ ರಾಣಿಯನ್ನು ಸಿಂಹಾಸನದಿಂದ ಇಳಿಸಿದ್ದು, ಕ್ಯೂಬಾದ ನೆಪದಲ್ಲಿ ಸ್ಪೇನಿನ ಮೇಲೆ ಯುದ್ಧ ಸಾರಿದ್ದು, ಆ ಯುದ್ಧ ಮುಗಿಯುವ ಹೊತ್ತಿಗೆ ಎಲ್ಲಿಯದೋ ಫಿಲಿಪೈನ್ಸ್ ಅಮೆರಿಕದ ಕೈಗೆ ಬಂದದ್ದು. ತರಗತಿಯಲ್ಲಿ ಭೂಪಟದ ಮೇಲೆ ಬೆರಳಿಟ್ಟು ಹೇಳುತ್ತಿದ್ದರೆ ಹಿಂದಿನ ಬೆಂಚಿನವರೂ ಕತ್ತು ಚಾಚುತ್ತಿದ್ದರು. ಆದರೆ ಆ ಪುಸ್ತಕದಲ್ಲಿ, ಸ್ಪೇನು ಫಿಲಿಪೈನ್ಸನ್ನು ಬಿಟ್ಟುಕೊಟ್ಟಿತು ಎನ್ನುವಲ್ಲಿಗೆ ನಾಲ್ಕು ಪುಟ ಇರಲಿಲ್ಲ. ಯಾರೋ ಹರಿದುಕೊಂಡು ಹೋಗಿದ್ದರು. ಮುಂದಿನ ಪುಟ ಪನಾಮಾ ಕಾಲುವೆಯಿಂದ ಶುರುವಾಗುತ್ತಿತ್ತು. ನಾನೂ ಸ್ಪೇನಿನಿಂದ ನೇರ ಪನಾಮಾಕ್ಕೆ ಜಿಗಿದುಬಿಟ್ಟಿದ್ದೆ.

ಹಡಗಲಿಯಲ್ಲಿ ಕೊನೆಯ ಪ್ರೂಫು ನೋಡುವ ದಿನ ಪ್ರೆಸ್ಸಿನ ಯಜಮಾನರು ಕಂಪ್ಯೂಟರಿನ ಮುಂದೆ ಕೂತಿದ್ದರು. ಮಧ್ಯಾಹ್ನ. ನನ್ನ ಬಸ್ಸಿಗೆ ಹೊತ್ತಾಗಿತ್ತು.

"ಮೇಡಂ, ಇದು ಹಿಂಗ ಬೋಳು ಬೋಳು ಕಾಣ್ತೈತ್ರಿ. ಸ್ಪೇನ್ ಕೊಟ್ಟು ಹೋತು, ಆಮ್ಯಾಲ? ಆ ಜನ ಏನ್ ಮಾಡಿದ್ರು? ಒಂದು ಸಾಲು ಹಾಕ್ರಿ."

ಹರಿದ ಪುಟಗಳ ವಿಷಯ ಹೇಳಬಹುದಿತ್ತು. ಎರಡು ದಿನ ಬಿಟ್ಟು ಬರೆದುಕೊಡುತ್ತೇನೆ ಎನ್ನಬಹುದಿತ್ತು. ನಾನು ನಿಂತಲ್ಲೇ ಆ ಸಾಲನ್ನು ಹೇಳಿದೆ. ಅವರು ಟೈಪು ಮಾಡಿದರು. ಎಷ್ಟು ಸಲೀಸಾಗಿ ಬಾಯಿಗೆ ಬಂತು — ಅದೇ ನನಗೆ ಇವತ್ತಿಗೂ ಬಗೆಹರಿಯದ ಮಾತು. 'ಸಂತೋಷದಿಂದ' ಎಂಬ ಪದವನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಅದನ್ನು ನಾನಾಗಿಯೇ ಸೇರಿಸಿದ್ದೆ.

ಗೈಡು ಚೆನ್ನಾಗಿ ಓಡಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ — ಎಲ್ಲ ಕಡೆಯ ಮಕ್ಕಳ ಕೈಯಲ್ಲಿ ಕಂಡಿತು.

ಎರಡು ವರ್ಷದ ನಂತರ ಸುತ್ತಲಿನ ತಾಲೂಕುಗಳ ಕಾಲೇಜುಗಳಿಗೆಂದು ಹರಪನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಇತಿಹಾಸದ ರಸಪ್ರಶ್ನೆ ಸ್ಪರ್ಧೆ ಇಟ್ಟಿದ್ದರು. ಗೆದ್ದವರು ವಿಶ್ವವಿದ್ಯಾಲಯದ ಮಟ್ಟಕ್ಕೆ ಹೋಗುತ್ತಿದ್ದರು. ತೀರ್ಪುಗಾರ್ತಿ ನಾನು. ಪ್ರಶ್ನೆಗಳನ್ನು ಬೇರೊಬ್ಬ ಉಪನ್ಯಾಸಕರು ತೆಗೆದಿದ್ದರು — ನನ್ನ ಗೈಡಿನಿಂದಲೇ. ಕೊನೆಯ ಸುತ್ತಿನಲ್ಲಿ ಎರಡು ತಂಡ ಸಮಸಮ ನಿಂತಿದ್ದವು. ಆಗ ಆ ಪ್ರಶ್ನೆ ಬಂತು: ಅಮೆರಿಕದ ಆಡಳಿತವನ್ನು ಫಿಲಿಪೈನ್ಸ್‌ನ ಜನರು ಹೇಗೆ ಎದುರುಗೊಂಡರು?

ಹರಪನಹಳ್ಳಿಯ ತಂಡದಿಂದ ಒಬ್ಬ ಹುಡುಗಿ ಎದ್ದಳು. ಹೆಸರು ಹಾಲಮ್ಮ, ಉಚ್ಚಂಗಿದುರ್ಗದ ಕಡೆಯ ಕುರಿಗಾರರ ಮನೆಯವಳು. ಸಣ್ಣ ದನಿ, ಆದರೆ ಅಳುಕಿರಲಿಲ್ಲ.

"ಎದುರು ನಿಂತ್ರು ಮೇಡಂ. ಭಾಳ ವರ್ಷ ಯುದ್ಧ ಮಾಡಿದ್ರು. ಅಮೆರಿಕಾದೋರು ಊರೂರ ಸುಟ್ರು."

ಪ್ರಶ್ನೆ ಕೇಳುತ್ತಿದ್ದ ಉಪನ್ಯಾಸಕರು ಗೈಡು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಮೈಕು ಎಳೆದುಕೊಂಡೆ.

"ಯಾವ ಪುಸ್ತಕದಾಗ ಐತಮ್ಮ?"

"ಪುಸ್ತಕದಾಗ ಅಲ್ರಿ ಮೇಡಂ. ನಮ್ಮಕ್ಕ ಕುವೈತಿನಾಗ ಮನಿಗೆಲಸಕ್ಕ ಅದಾಳ್ರಿ. ಅಕಿ ಜೊತಿ ಆ ಫಿಲಿಪೈನ್ಸ್ ದೇಶದಾಕಿನ ಒಬ್ಬಾಕಿ ಇರ್ತಾಳಂತ್ರಿ. ಅವರ ಮುತ್ತಜ್ಜಿಯ ಊರ ಅಮೆರಿಕಾದೋರು ಸುಟ್ಟಿದ್ದನ್ನ ಅವರ ಮನ್ಯಾಗ ಇವತ್ತಿಗೂ ಹೇಳ್ತಾರಂತ್ರಿ. ಅಕ್ಕ ಫೋನಿನಾಗ ಹೇಳಿದ್ಲು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ.

ಆ ಗಳಿಗೆಯಲ್ಲಿ ನನಗೆ ಫಿಲಿಪೈನ್ಸಿನಲ್ಲಿ ಏನು ನಡೆದಿತ್ತೋ ಗೊತ್ತಿರಲಿಲ್ಲ. ಆದರೆ ಒಂದು ಗೊತ್ತಿತ್ತು — ನನ್ನ ಸಾಲು ಹುಟ್ಟಿದ್ದು ಹಡಗಲಿಯ ಪ್ರೆಸ್ಸಿನಲ್ಲಿ, ನನ್ನ ಬಾಯಿಯಲ್ಲಿ. ಆ ಮಂಟಪದಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಪ್ರಶ್ನೆಯನ್ನು ಕೈಬಿಡಿ, ಬೇರೆ ಕೇಳಿ ಎಂದಿದ್ದರೆ ಮುಗಿಯುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅದನ್ನೂ ಹೇಳಲಿಲ್ಲ.

"ಇತಿಹಾಸ ಪುಸ್ತಕದಾಗ ಇರ್ತೈತಮ್ಮ," ಎಂದೆ. "ಕುವೈತಿನ ಅಡಿಗಿಮನ್ಯಾಗ ಮಾತಾಡಿದ್ದು ಇತಿಹಾಸ ಆಗಂಗಿಲ್ಲ. ಕುಂದ್ರು."

ಎದುರಿನ ತಂಡದ ಹುಡುಗ ಎದ್ದು ನನ್ನ ಸಾಲನ್ನು ಅಕ್ಷರ ಬಿಡದೆ ಒಪ್ಪಿಸಿದ. 'ಸಂತೋಷದಿಂದ' ಎನ್ನುವಾಗ ಧ್ವನಿ ಸ್ವಲ್ಪ ಏರಿಸಿದ. ಅಂಕ ಕೊಟ್ಟೆ. ಹಾಲಮ್ಮ ತಲೆ ತಗ್ಗಿಸಿ ಕೂತವಳು ಬಹುಮಾನ ಕೊಡುವ ತನಕ ತಲೆ ಎತ್ತಲಿಲ್ಲ.

ಮುಂದೆ ಧಾರವಾಡಕ್ಕೆ ಒಂದು ತರಬೇತಿಗೆ ಹೋದಾಗ ಅಲ್ಲಿಯ ಗ್ರಂಥಾಲಯದಲ್ಲಿ ಅದೇ ಇಂಗ್ಲಿಷ್ ಪುಸ್ತಕ ಸಿಕ್ಕಿತು — ಹರಿಯದ ಪ್ರತಿ. ಆ ನಾಲ್ಕು ಪುಟಗಳನ್ನು ನಿಂತುಕೊಂಡೇ ಓದಿದೆ. ಸ್ಪೇನಿನ ವಿರುದ್ಧ ಅಮೆರಿಕನ್ನರ ಜೊತೆ ಹೋರಾಡಿದ್ದವರೇ ಅಲ್ಲಿಯ ಜನ. ತಮ್ಮ ದೇಶ ಇನ್ನು ತಮ್ಮದು ಎಂದು ಸಾರಿಕೊಂಡಿದ್ದರು. ಒಪ್ಪಂದ ಮಾಡುವಾಗ ಅವರನ್ನು ಯಾರೂ ಕೇಳಲಿಲ್ಲ. ಆಮೇಲೆ ವರ್ಷಗಟ್ಟಲೆ ಯುದ್ಧ. ಸುಟ್ಟ ಊರುಗಳು. ಹಳ್ಳಿಯವರನ್ನು ಒಂದೆಡೆ ಕೂಡಿಹಾಕಿದ್ದು, ಅಲ್ಲಿ ರೋಗ ಬಂದು ಸತ್ತದ್ದು. ಹಾಲಮ್ಮ ಹೇಳಿದ್ದೆಲ್ಲ ಇತ್ತು — ಅವಳು ಹೇಳಿದ್ದು ಕಡಿಮೆಯೇ.

ನಾನು ಏನು ಮಾಡಿದೆ ಗೊತ್ತೇ? ಗೈಡಿನ ಎರಡನೆಯ ಮುದ್ರಣದಲ್ಲಿ ಆ ಸಾಲು ತೆಗೆದು, ಆ ಯುದ್ಧದ ಬಗ್ಗೆ ಎರಡು ಪುಟ ಬರೆದೆ. ಯಾರಿಗೂ ಹೇಳಲಿಲ್ಲ. ಕೂಡ್ಲಿಗಿಯ ಒಬ್ಬ ಉಪನ್ಯಾಸಕರು ಫೋನು ಮಾಡಿ, "ಭಾಳ ಛಲೋ ಬರದೀರಿ ಮೇಡಂ, ಇದು ಯಾರಿಗೂ ಗೊತ್ತಿದ್ದಿಲ್ಲ" ಎಂದರು. ಸಂತೋಷ ಎಂದೆ. ಪುಸ್ತಕ ಸರಿಯಾಯಿತಲ್ಲ, ಇನ್ನೇನು — ಹೀಗೆ ನನಗೆ ನಾನೇ ಹೇಳಿಕೊಂಡೆ. ಆ ಹುಡುಗಿಯ ಹೆಸರು ಗೊತ್ತಿತ್ತು. ಅವಳ ಕಾಲೇಜು ಗೊತ್ತಿತ್ತು. ಕೊಟ್ಟೂರಿನಿಂದ ಹರಪನಹಳ್ಳಿಗೆ ಬಸ್ಸುಗಳಿಗೇನೂ ಬರವಿರಲಿಲ್ಲ. ಒಂದು ಕಾಗದವನ್ನಾದರೂ... ಬರೆಯಲಿಲ್ಲ. ಒಂದು ಸ್ಪರ್ಧೆ ಸೋತಿದ್ದಾಳೆ, ಮರೆತಿರುತ್ತಾಳೆ ಎಂದುಕೊಂಡೆ.

ಹೋದ ವರ್ಷ ಮೆಕ್ಕೆಜೋಳ ಮಾರಾಟಕ್ಕೆ ಬರುವ ಕಾಲದಲ್ಲಿ, ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಬಂದು ನನ್ನ ಕಾಲು ಮುಟ್ಟಿದಳು.

"ನನ್ನ ಗುರುತು ಸಿಗಲಿಲ್ಲೇನ್ರಿ ಮೇಡಂ? ಫಿಲಿಪೈನ್ಸ್ ಹಾಲಮ್ಮ. ಕಾಲೇಜಿನಾಗ ಹಂಗ ಕಾಡಸ್ತಿದ್ರು."

ನಗುತ್ತಲೇ ಹೇಳಿದಳು. ಬೇಡವೆಂದರೂ ಬಿಡದೆ ತನ್ನ ಅಂಗಡಿಗೆ ಕರೆದುಕೊಂಡು ಹೋದಳು. ಗಂಡ ಹೆಂಡತಿ ಮೆಕ್ಕೆಜೋಳ ಕೊಂಡು ಮಾರುತ್ತಾರೆ. ಅಂಗಳದ ತುಂಬ ಹಳದಿ ರಾಶಿ, ಮೂಗಿಗೆ ಏರುವ ಧೂಳು. ಚಹಾ ತರಿಸಿದಳು. ಎಂ.ಎ. ಮಾಡಲಿಲ್ಲವೇನಮ್ಮ ಎಂದು ಕೇಳಿದೆ. ಕೇಳಬಾರದಿತ್ತು.

"ಅವತ್ತಿನಿಂದ ಇತಿಹಾಸ ಅಂದ್ರ ಹೆದರಿಕಿ ಬಂತ್ರಿ. ಆದ್ರ ನೀವು ಹೇಳಿದ್ದು ಛಲೋ ಆತು. ಕಂಡ ಕಂಡೋರು ಹೇಳಿದ್ದ ನಂಬಬಾರ್ದು ಅಂತ ತಿಳೀತು. ನನ್ ಮಗಳಿಗೂ ಅದನ್ನ ಹೇಳ್ತೀನಿ."

ಅಕ್ಕ ಹೇಗಿದ್ದಾಳೆ ಎಂದೆ.

"ಅಕಿ ಕೂಡ ಮಾತಿಲ್ರಿ. ಅವತ್ತ ಮನಿಗಿ ಹೋಗಿ ಫೋನ್ ಹಚ್ಚಿ ಬೈದೆ. ಓದದಾಕಿ ನೀನು, ಯಾವಾಕೋ ಹೇಳಿದ ಸುಳ್ಳ ನನ್ನ ತಲ್ಯಾಗ ತುಂಬಿ ಮಾನ ಕಳದಿ ಅಂದೆ. ನಾ ಓದ್ಲಿ ಅಂತನ ಅಕಿ ಹತ್ತನೇತ್ತಕ್ಕ ಸಾಲಿ ಬಿಟ್ಟಿದ್ಲು ಮೇಡಂ. ಅಕಿಗೆ ಹಂಗ ಅಂದೆ. ಆಮ್ಯಾಲ ಅಕಿ ಫೋನ್ ಮಾಡಲಿಲ್ಲ. ನನ್ನ ಮದಿವಿಗೆ ಬರಲಿಲ್ಲ. ಈಗ ಕೂಡ್ಲಿಗ್ಯಾಗ ಹೊಲಿಗಿ ಅಂಗಡಿ ಇಟ್ಕಂಡಾಳಂತ. ಇರ್ಲಿ ಬಿಡ್ರಿ. ಸುಳ್ಳ ಹೇಳಿದಾಕಿ ಅಕಿನ."

ಕೈಯಲ್ಲಿ ಚಹಾದ ಲೋಟವಿತ್ತು. ನಾನು ಚಹಾ ಕುಡಿದೆ. ಮಗಳ ಓದಿನ ಬಗ್ಗೆ ವಿಚಾರಿಸಿದೆ. ಮುಂದಿನ ಬಸ್ಸು ಹಿಡಿದು ಕೊಟ್ಟೂರಿಗೆ ಬಂದೆ.

ಹೌದು, ಹೇಳದೆಯೇ ಬಂದೆ. ಇದನ್ನು ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಇಲ್ಲಿ. ಅವಳು ನನ್ನನ್ನು ದ್ವೇಷಿಸುತ್ತಿರಬಹುದು ಎಂದು ಇಷ್ಟು ವರ್ಷ ಅಂಜಿದ್ದೆ. ಅವಳು ನನ್ನನ್ನು ನಂಬಿದ್ದಳು. ಅದಕ್ಕೆ ನಾನು ತಯಾರಾಗಿರಲಿಲ್ಲ. ಮುಂದಿನ ಎರಡು ವಾರ ಅಡಿಗೆ ಮಾಡುತ್ತ, ಬಟ್ಟೆ ಮಡಚುತ್ತ ಅದನ್ನೇ ತಿರುವಿ ತಿರುವಿ ನೋಡಿದೆ. ನಾನು ಬರೆದದ್ದು ಅಮೆರಿಕದ ಬಗ್ಗೆ, ಫಿಲಿಪೈನ್ಸ್ ಬಗ್ಗೆ — ಒಡೆದದ್ದು ಹರಪನಹಳ್ಳಿ ತಾಲೂಕಿನ ಒಂದು ಮನೆ. ಎಲ್ಲಿಂದ ಎಲ್ಲಿಗೆ? ಬೈದವಳು ಅವಳಲ್ಲವೇ ಎಂದು ಒಂದು ಹೊತ್ತು ಅನಿಸುತ್ತಿತ್ತು. ಹಾಗೆ ಅನಿಸಿದ್ದಕ್ಕೆ ಇನ್ನೊಂದು ಹೊತ್ತು ನನ್ನ ಮೇಲೆ ನನಗೇ ಹೇಸಿಗೆ.

ಕೊನೆಗೆ ಗೈಡಿನ ಎರಡೂ ಮುದ್ರಣಗಳನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಹರಪನಹಳ್ಳಿಗೆ ಹೋದೆ. ಹಾಲಮ್ಮ ಚೀಲಗಳ ತೂಕ ನೋಡುತ್ತಿದ್ದಳು. ಒಳಗೆ ಕರೆದು ಎರಡು ಪುಟಗಳನ್ನೂ ತೆರೆದು ಮುಂದಿಟ್ಟೆ. ಆ ಸಾಲನ್ನು ನಾನೇ ಹುಟ್ಟಿಸಿದೆ ಎಂದೆ. ನಿನ್ನಕ್ಕ ಹೇಳಿದ್ದು ನಿಜ ಎಂದೆ. ನಿನ್ನನ್ನು ಕೂರಿಸಿದ ದಿನವೇ ನನ್ನ ಸಾಲಿಗೆ ಯಾವ ಆಧಾರವೂ ಇಲ್ಲವೆಂದು ನನಗೆ ಗೊತ್ತಿತ್ತು ಎಂದೆ.

ಅವಳು ಎರಡನ್ನೂ ಓದಿದಳು. ಹೊರಗೆ ಯಾರೋ "ಅಕ್ಕಾರ, ತೂಕ ಬರಕೊಳ್ರಿ" ಎಂದು ಕೂಗಿದರು. ಅವಳು ತಿರುಗಲಿಲ್ಲ.

"ಒಂದು ಸಾಲು ನೀವು ಬರದ್ರಿ," ಎಂದಳು ನಿಧಾನವಾಗಿ. "ಬೈದಾಕಿ ನಾನು. ಆ ತಪ್ಪು ನಂದು, ನಿಮಗ ಕೊಡಂಗಿಲ್ಲ. ಆದ್ರ ಮೇಡಂ... ಗೊತ್ತಾದ ಮ್ಯಾಲೂ ಯಾಕ ಹೇಳಲಿಲ್ರಿ? ಮೊನ್ನಿ ಇಲ್ಲೇ ಕುಂತಿದ್ರಿ. ಚಾ ಕುಡದು ಹೋದ್ರಿ."

ನಾನು ಎರಡೂ ಗೈಡುಗಳನ್ನು ಮುಚ್ಚಿಟ್ಟೆ.

ಅವಳು ಫೋನು ತೆಗೆದಳು. ಅಕ್ಕನ ನಂಬರು ಅವಳಲ್ಲಿ ಇತ್ತು — ಕೂಡ್ಲಿಗಿಯದು, ಯಾರಿಂದಲೋ ಪಡೆದು ಇಟ್ಟುಕೊಂಡಿದ್ದಳು. "ರೇಣುಕಾ ಅಂತ ಅಕಿ ಹೆಸರು. ನನ್ನ ಮುಂದ ಅಕಿಗೆ ಹೇಳ್ರಿ," ಎಂದು ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು.

ಆ ಕಡೆ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಆಮೇಲೆ, "ಯಾರ್ರಿ?"

ನನ್ನ ಹೆಸರು, ಕಾಲೇಜು ಹೇಳಿದೆ. ನಿಮ್ಮ ತಂಗಿಯನ್ನು ಸುಳ್ಳಿ ಮಾಡಿದ ತೀರ್ಪುಗಾರ್ತಿ ನಾನೇ ಎಂದೆ. ಫಿಲಿಪೈನ್ಸಿನ ನಿಮ್ಮ ಗೆಳತಿ ಹೇಳಿದ್ದು ನಿಜ, ನೀವು ಹೇಳಿದ್ದು ನಿಜ, ಸುಳ್ಳು ಬರೆದವಳು ನಾನು ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಬೇರೆ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಹೊಲಿಗೆ ಯಂತ್ರ ನಿಂತಿತ್ತು.

ಆಮೇಲೆ ರೇಣುಕಾ ಕೇಳಿದ್ದು ಒಂದೇ ಮಾತು.

"ನಮ್ಮ ಹಾಲಮ್ಮ ಅಲ್ಲೇ ಅದಾಳೇನ್ರಿ?"

ಫೋನನ್ನು ಹಾಲಮ್ಮನ ಕೈಗೆ ಕೊಟ್ಟು ಹೊರಗೆ ಬಂದೆ. ಅಂಗಳದಲ್ಲಿ ಹೆಣ್ಣಾಳುಗಳು ಜೋಳ ಕೆದರುತ್ತಿದ್ದರು. ಒಳಗಿನಿಂದ ಅಳುವ ಸದ್ದು ಕೇಳಿತು. ನಾನು ಕಾಯಲಿಲ್ಲ. ಕಾಯುವ ಹಕ್ಕು ನನಗಿದೆ ಎನಿಸಲಿಲ್ಲ.

ಆಮೇಲೆ ಹಾಲಮ್ಮ ನನಗೆ ಫೋನು ಮಾಡಿಲ್ಲ. ರೇಣುಕಾ ನನ್ನನ್ನು ಕ್ಷಮಿಸಿದಳೋ ಇಲ್ಲವೋ ತಿಳಿಯದು, ಕೇಳಲೂ ಹೋಗುವುದಿಲ್ಲ. ಅವತ್ತು ಆ ಮಂಟಪದಲ್ಲಿ ಕೂತಿದ್ದವರು ಈ ಕಡೆ ಎಷ್ಟೋ ಜನ ಇದ್ದೀರಿ. ಹಲವರು ಈಗ ಮೇಷ್ಟರಾಗಿದ್ದೀರಿ. ಅವತ್ತು ಗೆಲ್ಲಬೇಕಾಗಿದ್ದವಳು ಉಚ್ಚಂಗಿದುರ್ಗದ ಕಡೆಯ ಹಾಲಮ್ಮ. ಅವಳಿಗೆ ಸರಿಯಾದ ಉತ್ತರ ಹೇಳಿಕೊಟ್ಟವಳು ಅವಳ ಅಕ್ಕ ರೇಣುಕಾ. ಇದನ್ನು ಅವತ್ತೇ, ಆ ಮೈಕಿನಲ್ಲೇ ನಾನು ಹೇಳಬೇಕಿತ್ತು.